ಟ್ರಾಂಬೋನಿನ ದನಿಗೆ ಅಲಗು ಬರುವ ಹೊತ್ತು

ದಸರಾ ಸಂಜೆ. ಮೈಸೂರು ಅರಮನೆಯ ದೀಪಗಳು ಒಮ್ಮೆಗೇ ಹೊತ್ತಿಕೊಂಡಿವೆ. ಅಂಗಳದಲ್ಲಿ ಪೊಲೀಸ್ ಬ್ಯಾಂಡು ಸಾಲಾಗಿ ಕೂತಿದೆ. ಕ್ಲಾರಿನೆಟ್ಟುಗಳು ಆಗಲೇ ಶುರುಮಾಡಿವೆ. ಟ್ರಾಂಬೋನಿನವರು ಮಾತ್ರ ಬ್ಯಾಂಡ್ ಮಾಸ್ಟರರ ಕೋಲಿನತ್ತ ಕಣ್ಣಿಟ್ಟು ಕಾಯುತ್ತಿದ್ದಾರೆ. ಕೋಲು ಇತ್ತ ತಿರುಗಿತು. ಮೊದಲ ಸ್ವರ ಮೆತ್ತಗೆ, ದುಂಡಗೆ ಹೊರಟಿತು. ಉಸಿರು ಬಿಗಿಯಾಯಿತು, ಕತ್ತಿನ ನರ ಉಬ್ಬಿತು. ಏರುತ್ತ ಏರುತ್ತ ಅದೇ ಸ್ವರ ಥಟ್ಟನೆ ಬೇರೆಯದೇ ಆಗಿಬಿಟ್ಟಿತು. ಶ್ರುತಿ ಕದಲಿಲ್ಲ, ದನಿಗೆ ಅಲಗು ಬಂತು. ಮುಂದಿನ ಸಾಲಿನ ಮಗುವೊಂದು ಕಿವಿ ಮುಚ್ಚಿಕೊಂಡಿತು.

ಇದು ಹಿತ್ತಾಳೆಯ ಗುಣ ಎನ್ನುವವರೇ ಹೆಚ್ಚು. ನಿಜಕ್ಕೂ ಆ ಅಲಗನ್ನು ಮಸೆಯುವುದು ಕೊಳವೆಯೊಳಗಿನ ಗಾಳಿ.

ಶಾಲೆಯಲ್ಲಿ ಕಲಿತ ಶಬ್ದ ಬಲು ಸಾಧು: ಕೂಗಲಿ, ಪಿಸುಗುಡಲಿ, ಸೆಕೆಂಡಿಗೆ ಸುಮಾರು 340 ಮೀಟರ್. ಮಾತುಕತೆಯ ಮಟ್ಟಿಗೆ ಅದು ಸರಿಯೇ. ಟ್ರಾಂಬೋನನ್ನು ಶಕ್ತಿಮೀರಿ ಊದಿದಾಗ ಮೌತ್‌ಪೀಸಿನಲ್ಲಿ ಒತ್ತಡದ ಏರಿಳಿತ 10 ಕಿಲೋಪಾಸ್ಕಲ್, ಅಂದರೆ ವಾತಾವರಣದ ಒತ್ತಡದ ಹತ್ತನೇ ಒಂದು ಪಾಲು ಮುಟ್ಟಬಲ್ಲದು. ಆಗ ಲೆಕ್ಕ ಬದಲಾಗುತ್ತದೆ. ಅಲೆಯ ನೆತ್ತಿಯಲ್ಲಿ ಗಾಳಿ ಒತ್ತಿಕೊಂಡು ಬಿಸಿಯಾಗಿರುತ್ತದೆ. ಬಿಸಿ ಗಾಳಿಯಲ್ಲಿ ಶಬ್ದದ ಓಟ ಹೆಚ್ಚು. ಸಾಲದ್ದಕ್ಕೆ ಅಲ್ಲಿನ ಗಾಳಿಯೂ ಮುಂದಕ್ಕೆ ಸರಿಯುತ್ತಿರುತ್ತದೆ. ತಗ್ಗಿನಲ್ಲಿ ಎರಡೂ ತಿರುಗುಮುರುಗು. ಅಂಥ ಒತ್ತಡದಲ್ಲಿ ನೆತ್ತಿಯ ವೇಗ ಸೆಕೆಂಡಿಗೆ 30 ಮೀಟರಿನಷ್ಟು ಹೆಚ್ಚಿ, ಮುಂದಿರುವ ತಗ್ಗನ್ನು ಅಟ್ಟಿಕೊಂಡು ಹೋಗುತ್ತದೆ. ದುಂಡಗಿದ್ದ ಅಲೆಯ ಮುಂಬದಿ ಕಡಿದಾಗುತ್ತದೆ, ಕೊನೆಗೆ ಆಘಾತ ತರಂಗವೇ ಆಗುತ್ತದೆ. ಒಂದನ್ನೊಂದು ಸೋಕದೆ ದಾಟಿಹೋಗಬೇಕಿದ್ದ ಕಂಪನಗಳು ಇಲ್ಲಿ ಒಂದರೊಳಗೊಂದು ಕೂಡಿಕೊಳ್ಳುತ್ತವೆ: 200 ಹರ್ಟ್ಸ್ ತನ್ನನ್ನೇ ಕೂಡಿ 400, ಅದು ಮತ್ತೆ 200ನ್ನು ಸೇರಿ 600. ಕಿವಿಯನ್ನು ಕೊರೆಯುವುದು ಈ ಮೇಲಿನ ಸಂತಾನ.

ಬಯಲಿಗೆ ಬಿಟ್ಟ ನೀರು ಹರಡಿ ಇಂಗಿಹೋಗುತ್ತದೆ, ಕಾಲುವೆಗೆ ಬಿಟ್ಟದ್ದು ಬಿರುಸು ಬಿಡದೆ ಓಡುತ್ತದೆ. ಶಬ್ದಕ್ಕೂ ಹಾಗೇ. ಟ್ರಾಂಬೋನಿನ ಕೊಳವೆಯನ್ನು ನೀಟಾಗಿ ಬಿಚ್ಚಿಟ್ಟರೆ ಸುಮಾರು 2.7 ಮೀಟರ್, ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ಅಗಲ. ಅಷ್ಟನ್ನು ದಾಟಲು ಶಬ್ದಕ್ಕೆ ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ಚೂಪಾಗಲು ಅಷ್ಟು ಸಾಕು. ಪಕ್ಕದ ಯುಫೋನಿಯಂ ಕೂಡ ಹಿತ್ತಾಳೆಯದೇ, ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅದರ ಕೊಳವೆ ಹೋಗುತ್ತ ಹೋಗುತ್ತ ಅಗಲವಾಗುವುದರಿಂದ ಅಲೆಯ ಕಸುವು ಹಂಚಿಹೋಗುತ್ತದೆ. ಪಾಪ, ಎಷ್ಟು ಊದಿದರೂ ದನಿ ಮೆತ್ತಗೇ.

ಇಂಥ ಅಲೆಗಳ ಗಣಿತವನ್ನು ಜರ್ಮನಿಯ ರೀಮನ್ 1860ರಲ್ಲೇ ಬರೆದಿಟ್ಟಿದ್ದ. ಟ್ರಾಂಬೋನಿನಲ್ಲಿ ಆಘಾತ ತರಂಗ ಏಳುತ್ತದೆಂದು ಹಿರ್ಷ್‌ಬರ್ಗ್ ಮತ್ತು ಸಂಗಡಿಗರು ಪ್ರಕಟಿಸಿದ್ದು 1996ರಲ್ಲಿ. ನಡುವಿನ ಅಷ್ಟೂ ವರ್ಷ ಬ್ಯಾಂಡಿನವರು ಅದನ್ನು ಊದುತ್ತಲೇ ಇದ್ದರು.

ವಾದ್ಯ ಕೊಳ್ಳಲು ಹೊರಟವರು ಲೋಹದ ಹೊಳಪಿಗೆ ದುಡ್ಡು ಸುರಿಯುವ ಮುಂಚೆ, ಕೊಳವೆ ಎಷ್ಟು ದೂರ ಒಂದೇ ಅಗಲವಿದೆ ಎಂದು ನೋಡಿಕೊಳ್ಳಿ.