ಮೆದುಳಿನಿಂದ ಪಾಠ ಕಲಿಯುವ ಎಂಜಿನಿಯರುಗಳು

ಪ್ರಶ್ನೆ: ಮೆದುಳನ್ನು ಅನುಸರಿಸುವ ಚಿಪ್‌ಗಳ ಬಗ್ಗೆ ಎಂಜಿನಿಯರುಗಳಿಗೆ ಶಿಬಿರಗಳು ನಡೆಯುತ್ತವಂತೆ. ಅಲ್ಲಿ ಏನು ಕಲಿಸುತ್ತಾರೆ?

ಉತ್ತರ: ಇಂಥ ಶಿಬಿರಗಳಲ್ಲಿ ಹೆಸರುವಾಸಿಯಾದದ್ದು ಅಮೆರಿಕದ ಕೊಲರಾಡೊದ ಟೆಲ್ಯುರೈಡ್‌ನಲ್ಲಿ ನಡೆಯುತ್ತದೆ. ಹಿಂದೆ ಗಣಿಗಾರರಿದ್ದ ಈ ಬೆಟ್ಟದೂರಿನಲ್ಲಿ 1994ರಿಂದ ಬೇಸಿಗೆಯ ಹೊತ್ತಿಗೆ ಚಿಪ್ ವಿನ್ಯಾಸಕಾರರೂ ನರವಿಜ್ಞಾನಿಗಳೂ ಸೇರುತ್ತಾರೆ. ಬೆಳಗ್ಗೆ ಉಪನ್ಯಾಸ, ಆಮೇಲೆ ಗುಂಪು ಕಟ್ಟಿಕೊಂಡು ಬೆಸುಗೆ, ಕೋಡಿಂಗ್, ವಾಗ್ವಾದ. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲೂ ಇದೇ ಬಗೆಯ ಕಾರ್ಯಾಗಾರವಿದೆ.

ಕಲಿಸುವುದಾದರೂ ಏನು?

ಈವೆಂಟ್ ಕ್ಯಾಮೆರಾವನ್ನೇ ನೋಡಿ. ಇದು ಮಾಮೂಲಿ ಕ್ಯಾಮೆರಾದ ಹಾಗೆ ಸೆಕೆಂಡಿಗೆ 30 ಚಿತ್ರ ತೆಗೆಯುವುದಿಲ್ಲ. ಬೆಳಕು ಬದಲಾದ ಪಿಕ್ಸೆಲ್ ಮಾತ್ರ ಸುದ್ದಿ ಮುಟ್ಟಿಸುತ್ತದೆ. ಎದುರಿಗಿನ ಗೋಡೆ ಸುಮ್ಮನಿದ್ದರೆ ಪರದೆ ಹೆಚ್ಚುಕಡಿಮೆ ಖಾಲಿ. ಕೈ ಬೀಸಿದರೆ ಬೆರಳುಗಳ ಅಂಚು ಚುಕ್ಕಿಚುಕ್ಕಿಯಾಗಿ ಮೂಡುತ್ತದೆ. ನಮ್ಮ ಅಕ್ಷಿಪಟಲದ ಜಾಣತನವೂ ಹೆಚ್ಚುಕಡಿಮೆ ಇದೇ. ಸಂಶೋಧಕರಾದ ಕಾರ್ವರ್ ಮೀಡ್ ಮತ್ತು ಮಿಶಾ ಮಹೋವಾಲ್ಡ್ 1980ರ ದಶಕದ ಕೊನೆಗೆ ಸಿಲಿಕಾನ್ ಅಕ್ಷಿಪಟಲ ಮಾಡಿ ಈ ದಾರಿ ತೆರೆದರು.

ಇಷ್ಟೆಲ್ಲ ಪಾಡು ಮುಖ್ಯವಾಗಿ ವಿದ್ಯುತ್ತಿಗಾಗಿ. ಮೆದುಳು ಸುಮಾರು 20 ವಾಟ್‌ನಲ್ಲಿ ಸಂಸಾರ ತೂಗಿಸುತ್ತದೆ. ಐಬಿಎಂ 2014ರಲ್ಲಿ ತೋರಿಸಿದ ಟ್ರೂನಾರ್ತ್ ಚಿಪ್ 10 ಲಕ್ಷ ಕೃತಕ ನರಕೋಶಗಳನ್ನು ಸುಮಾರು 70 ಮಿಲಿವಾಟ್‌ನಲ್ಲಿ ನಡೆಸಿತು. ಆದರೆ ಅಂಥ ಚಿಪ್ಪಿಗೆ ಪ್ರೋಗ್ರಾಂ ಬರೆಯಲು ಹಳೆಯ ಅಭ್ಯಾಸ ಸಾಲದು, ಅದಕ್ಕೇ ತರಬೇತಿ.

ಬೆಂಗಳೂರೂ ಹಿಂದೆ ಬಿದ್ದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಮೆದುಳಿನ ಮಾದರಿಯ ಲೆಕ್ಕಾಚಾರಕ್ಕೆಂದು ಅಣುಗಳ ತೆಳುಪದರದಲ್ಲಿ 16,500 ಬೇರೆಬೇರೆ ವಾಹಕತೆಯ ಸ್ಥಿತಿಗಳನ್ನು ಹಿಡಿದಿಟ್ಟು, 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿತು.