ಮನೋವ್ಯಥೆಗೆ ಮಾತಿನ ಚಿಕಿತ್ಸೆ: ಅದರ ಪ್ರಯೋಜನವೂ ಮೇರೆಯೂ

ಮನಸ್ಸಿನ ಬೇಗೆಯನ್ನು ತಾಳಲಾರದವರು ಆ ಶಾಸ್ತ್ರದಲ್ಲಿ ಪಳಗಿದವರೊಬ್ಬರ ಬಳಿಗೆ ಗೊತ್ತಾದ ವೇಳೆಯಲ್ಲಿ ಹೋಗಿ, ತಮ್ಮ ದುಃಖವನ್ನು ಬಿಚ್ಚಿ ಹೇಳಿ, ಅವರ ನೆರವಿನಿಂದ ನೆಮ್ಮದಿಯನ್ನು ಪಡೆಯಲು ಯತ್ನಿಸುವ ಪದ್ಧತಿಯು ನಮ್ಮ ನಾಡಿನಲ್ಲಿಯೂ ಹಬ್ಬುತ್ತಲಿದೆ. ಇದನ್ನು ಪಟ್ಟಣಗಳಲ್ಲಿ ಥೆರಪಿಯೆಂದೂ ಆಪ್ತಸಮಾಲೋಚನೆಯೆಂದೂ ಕರೆಯುವರು. ಕೆಲವರು ಇದನ್ನು ಸಕಲ ಸಂಕಟಗಳಿಗೂ ಸಂಜೀವಿನಿಯೆಂದು ಹೊಗಳುತ್ತಾರೆ. ಮತ್ತೆ ಕೆಲವರು, ಮನೆಯಲ್ಲಿ ಹಿರಿಯರಿರುವಾಗ ಹಣ ಕೊಟ್ಟು ಪರರೊಡನೆ ಮಾತನಾಡುವುದೇತಕ್ಕೆಂದು ಹಳಿಯುತ್ತಾರೆ. ಮೊದಲನೆಯದನ್ನು ನಂಬಿದವರು ಬೇರೆ ಮಾಡಬೇಕಾದ ಕೆಲಸವನ್ನು ಬಿಡುವರು. ಎರಡನೆಯದನ್ನು ನಂಬಿದವರು ಗುಣವಾಗಬಹುದಾದ ವ್ಯಾಧಿಯನ್ನು ವರ್ಷಗಟ್ಟಲೆ ಬೆಳೆಯಗೊಡುವರು. ಆದಕಾರಣ ಗೃಹಸ್ಥರು ಈ ಚಿಕಿತ್ಸೆಯ ನಿಜಸ್ಥಿತಿಯನ್ನು ತಿಳಿದಿರುವುದು ಅವಶ್ಯಕ.

ಇದರ ಮೂಲವು ವಿಯೆನ್ನಾ ನಗರದಲ್ಲಿದೆ. 1880ರಲ್ಲಿ ಜೋಸೆಫ್ ಬ್ರಾಯರ್ ಎಂಬ ವೈದ್ಯರು ಬರ್ಥಾ ಪಾಪೆನ್‌ಹೈಮ್ ಎಂಬ ತರುಣಿಗೆ ಚಿಕಿತ್ಸೆಯನ್ನಾರಂಭಿಸಿದರು. ತಂದೆಯ ಕಾಯಿಲೆಯಲ್ಲಿ ಶುಶ್ರೂಷೆ ಮಾಡುತ್ತಿದ್ದ ಆಕೆಗೆ ಕೈಕಾಲು ಸ್ವಾಧೀನ ತಪ್ಪಿ, ಮಾತೂ ತೊಡರುತ್ತಿತ್ತು. ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡಾಗ ಕೆಲಮಟ್ಟಿಗೆ ಉಪಶಮನವಾಗುತ್ತಿದ್ದುದರಿಂದ ಆಕೆಯೇ ಇದಕ್ಕೆ 'ಮಾತಿನ ಚಿಕಿತ್ಸೆ'ಯೆಂದು ಹೆಸರಿಟ್ಟಳು. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ವೃತ್ತಾಂತವು ಪ್ರಸಿದ್ಧವಾಯಿತು. ಆದರೆ 1882ರಲ್ಲಿ ಚಿಕಿತ್ಸೆ ಮುಗಿದ ಮೇಲೂ ಆಕೆ ಪೂರ್ಣ ಗುಣ ಹೊಂದದೆ ಸ್ವಿಟ್ಜರ್ಲೆಂಡಿನ ಆರೋಗ್ಯಧಾಮವನ್ನು ಸೇರಬೇಕಾಯಿತೆಂಬುದು ಅನಂತರ ತಿಳಿದುಬಂದಿತು. ಮುಂದೆ ಆಕೆ ಚೇತರಿಸಿಕೊಂಡು, 1904ರಲ್ಲಿ ಜರ್ಮನಿಯ ಯಹೂದಿ ಸ್ತ್ರೀಯರ ಸಂಘವನ್ನು ಸ್ಥಾಪಿಸಿ, ನಿರ್ಗತಿಕ ಹೆಣ್ಣುಮಕ್ಕಳ ಸೇವೆಯಲ್ಲಿ ಹೆಸರಾದಳು. ಮಾತು ಉಪಕರಿಸಿತು, ಆದರೆ ಮಾತೊಂದೇ ಸಾಲಲಿಲ್ಲ. ಈ ವಿದ್ಯೆಯ ಪ್ರಯೋಜನವೂ ಮೇರೆಯೂ ಅದರ ಮೊದಲನೆಯ ಪ್ರಸಂಗದಲ್ಲಿಯೇ ಕಾಣುತ್ತವೆ.

ಈಗಿನ ಪದ್ಧತಿಗಳು ಬಲುಮಟ್ಟಿಗೆ ಬದಲಾಗಿವೆ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ವೈದ್ಯರು, ಖಿನ್ನರಾದವರ ಮನಸ್ಸಿನಲ್ಲಿ 'ನನ್ನಿಂದ ಏನೂ ಆಗದು' ಎಂಬಂತಹ ಯೋಚನೆಗಳು ತಾವಾಗಿ ಸುಳಿಯುವುದನ್ನು ಕಂಡು, ಅವನ್ನು ಬರೆದಿಟ್ಟು, ಸಾಕ್ಷ್ಯ ಕೇಳಿ ಪರೀಕ್ಷಿಸುವ ಕ್ರಮವನ್ನು ರೂಪಿಸಿದರು. ಸಾಮಾನ್ಯವಾಗಿ ವಾರಕ್ಕೊಮ್ಮೆ, ಸುಮಾರು ಮುಕ್ಕಾಲು ಗಂಟೆಯಂತೆ, ಕೆಲವು ತಿಂಗಳು ಇದು ನಡೆಯುವುದು. ಸಾಧಾರಣ ಮಟ್ಟದ ಖಿನ್ನತೆ, ಅತಿಯಾದ ಭಯ, ಗೀಳು ಮೊದಲಾದವುಗಳಲ್ಲಿ ಇಂತಹ ಚಿಕಿತ್ಸೆಗಳಿಂದ ಅನೇಕರಿಗೆ ಗುಣವಾಗುವುದೆಂಬುದು ಪರೀಕ್ಷೆಗಳಿಂದ ಸಿದ್ಧವಾಗಿದೆ.

ಗೀಳಿನ ಉದಾಹರಣೆಯನ್ನೇ ನೋಡೋಣ. ಮಡಿಯೆಂಬುದು ಆಚಾರ, ಅದಕ್ಕೊಂದು ಕ್ರಮವೂ ಕೊನೆಯೂ ಉಂಟು. ಆದರೆ ಕೈ ತೊಳೆದವಳಿಗೆ ತೊಳೆದೆನೆಂಬ ನಂಬಿಕೆಯೇ ಹುಟ್ಟದೆ, ಚರ್ಮ ಬಿರಿಯುವವರೆಗೂ ತೊಳೆಯುತ್ತಿದ್ದರೆ ಅದು ವ್ಯಾಧಿ. ಚಿಕಿತ್ಸಕರು ಅವಳಿಗೆ ಮೊದಲು ಅಲ್ಪ ಭಯ ಹುಟ್ಟಿಸುವ ವಸ್ತುವನ್ನು ಮುಟ್ಟಲು ಹೇಳಿ, ತೊಳೆಯದೆ ಕಾದಿರುವುದನ್ನು ಅಭ್ಯಾಸ ಮಾಡಿಸುವರು. ತೊಳೆಯದಿದ್ದರೂ ಕೇಡಾಗಲಿಲ್ಲವೆಂಬುದು ಅನುಭವಕ್ಕೆ ಬಂದಂತೆಲ್ಲ ಭಯವು ಇಳಿಯುತ್ತ ಬರುವುದು. ಇಂತಹ ಕಡೆ 'ಕೈ ಶುದ್ಧವಾಗಿದೆಯಮ್ಮಾ' ಎಂದು ಮನೆಯವರು ಪದೇ ಪದೇ ಸಮಾಧಾನ ಹೇಳುವುದೂ ಗೀಳಿಗೆ ನೀರೆರೆದಂತೆ. ಪ್ರೀತಿಯಿಂದ ಆಡಿದ ಮಾತೇ ಎಲ್ಲಿ ತೊಡಕಾಗುವುದೆಂದು ತಿಳಿಸಲು ಪಳಗಿದವರು ಬೇಕಾಗುವುದು ಹೀಗೆಯೇ. ಮೇಲಾಗಿ ಸೊಸೆಯು ಅತ್ತೆಯ ಮುಂದೆಯೂ, ಮಗನು ತಂದೆಯ ಮುಂದೆಯೂ ಹೇಳಲಾರದ ಸಂಗತಿಗಳುಂಟು. ಪಕ್ಷ ವಹಿಸದ, ಗುಟ್ಟನ್ನು ಕಾಪಾಡುವ ಪರರೊಬ್ಬರ ಮುಂದೆ ಅವು ಹೊರಬೀಳುವುದು ಸಹಜ.

ಇನ್ನು ಇದರ ಮೇರೆಯನ್ನು ವಿಚಾರಿಸೋಣ. ಇಲ್ಲದ ಧ್ವನಿಗಳು ಕೇಳಿಸುವ ಚಿತ್ತವಿಕಲತೆ, ಉನ್ಮಾದ ಮುಂತಾದ ತೀವ್ರ ವ್ಯಾಧಿಗಳಲ್ಲಿ ಔಷಧವು ಮುಖ್ಯ. ಮಾತು ಅದಕ್ಕೆ ಸಹಾಯಕ ಮಾತ್ರ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯದಿಂದಲೂ ಖಿನ್ನತೆ ಬರಬಹುದಾದ್ದರಿಂದ ಶರೀರಪರೀಕ್ಷೆಯನ್ನು ಬಿಡತಕ್ಕದ್ದಲ್ಲ. ಎರಡನೆಯದಾಗಿ, ದುಃಖದ ಕಾರಣವು ಮನಸ್ಸಿನ ಹೊರಗಿದ್ದರೆ ಅದನ್ನು ಹೊರಗೇ ಸರಿಪಡಿಸಬೇಕು. ಕುಡಿದು ಬಂದು ಹೊಡೆಯುವ ಗಂಡನನ್ನು ಮನೆಯಲ್ಲಿರಿಸಿಕೊಂಡು, ಹೆಂಡತಿಯನ್ನು ಮಾತ್ರ ಸಮಾಲೋಚನೆಗೆ ಕಳುಹಿಸಿ 'ತಾಳ್ಮೆ ಕಲಿತು ಬಾ' ಎನ್ನುವುದು ಚಿಕಿತ್ಸೆಯಲ್ಲ, ಅನ್ಯಾಯ. ಅಂಥವಳಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ರಕ್ಷಣೆಯೂ ಬಂಧುಗಳ ಆಸರೆಯೂ ಬೇಕು. ಸಾಲವನ್ನಾಗಲಿ ನಿರುದ್ಯೋಗವನ್ನಾಗಲಿ ಯಾವ ಚಿಕಿತ್ಸಕರೂ ನೀಗಿಸಲಾರರು. ಮೂರನೆಯದಾಗಿ, ಈ ಚಿಕಿತ್ಸೆಯಿಂದ ಎಲ್ಲರಿಗೂ ಗುಣವಾಗುವುದಿಲ್ಲ. ವಾರದ ಒಂದು ಗಂಟೆಯಲ್ಲಿ ಕಲಿತುದನ್ನು ಉಳಿದ ದಿನಗಳಲ್ಲಿ ಆಚರಿಸದಿದ್ದರೆ ಫಲವು ಅಲ್ಪ. ಹಲವು ವಾರಗಳಾದರೂ ಸುಧಾರಣೆ ಕಾಣದಿದ್ದರೆ ಚಿಕಿತ್ಸಕರನ್ನೇ ಸಂಕೋಚವಿಲ್ಲದೆ ಕೇಳಿ, ಬೇಕಾದರೆ ಬೇರೊಬ್ಬರನ್ನು ಕಾಣಬಹುದು.

ಬೋರ್ಡು ಹಾಕಿಕೊಂಡವರೆಲ್ಲರೂ ತಜ್ಞರಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂಬುದನ್ನು ವಿಚಾರಿಸತಕ್ಕದ್ದು. ಮೊದಲ ದಿನವೇ ಪೂರ್ಣ ಗುಣದ ವಾಗ್ದಾನ ಮಾಡುವವರಿಂದ ದೂರವಿರುವುದೇ ಲೇಸು. ಹಣದ ಅಡಚಣೆಯುಳ್ಳವರಿಗೆ ಸರ್ಕಾರದ ಆಸ್ಪತ್ರೆಗಳುಂಟು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ 1974ರಲ್ಲಿ ನಿಮ್ಹಾನ್ಸ್ ಎಂಬ ರೂಪವನ್ನು ಪಡೆದ ಸಂಸ್ಥೆಯುಂಟು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯನ್ನು 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಉಚಿತವಾಗಿ ಪಡೆಯಬಹುದು. ಇಷ್ಟಿದ್ದರೂ, 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ ಮನೋವ್ಯಾಧಿಯುಳ್ಳವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ನಾಚಿಕೆಯೂ ಇದಕ್ಕೊಂದು ಕಾರಣ.

ಮನೆಯವರ ಕರ್ತವ್ಯವೂ ಸಣ್ಣದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು ರೋಗಿಗಳ ಬಂಧುಗಳನ್ನು ಆವರಣದ ಡೇರೆಗಳಲ್ಲಿ ಇರಿಸಿಕೊಂಡು, ಅವರನ್ನೂ ಚಿಕಿತ್ಸೆಯಲ್ಲಿ ಪಾಲುಗಾರರನ್ನಾಗಿ ಮಾಡಿದರು. ಮನೆಯೂ ಆ ಡೇರೆಯಂತಿರಬೇಕು. ಚಿಕಿತ್ಸೆಗೆ ಹೋಗಿ ಬಂದವರನ್ನು 'ಅಲ್ಲಿ ನಮ್ಮ ಮೇಲೆ ಏನು ಹೇಳಿದೆ?' ಎಂದು ಪೀಡಿಸಬಾರದು. ಆ ಗೋಪ್ಯತೆಯು 2017ರ ಮಾನಸಿಕ ಆರೋಗ್ಯ ಕಾಯಿದೆಯು ಕೊಟ್ಟ ಹಕ್ಕು. ಮದುವೆ ಮಾಡಿದರೆ ಸರಿಹೋಗುವುದೆಂಬ ಹಳೆಯ ಸಲಹೆಯನ್ನು ಸರ್ವಥಾ ಬಿಡಬೇಕು. ಯಾರಾದರೂ ಬದುಕು ಸಾಕೆಂಬ ಮಾತನ್ನಾಡಿದರೆ ಗದರಿಸದೆ, ಒಂಟಿಯಾಗಿ ಬಿಡದೆ, ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಚಿಕಿತ್ಸಕರ ಕೊಠಡಿಯಲ್ಲಿ ಕಳೆಯುವುದು ವಾರಕ್ಕೊಂದು ಗಂಟೆ. ಉಳಿದ ಹೊತ್ತೆಲ್ಲ ಮನೆಯ ಪಾಲಿಗೆ ಸೇರಿದ್ದು. ವಾಚಕರು ಈ ಎರಡನ್ನೂ ಒಂದಕ್ಕೊಂದು ಪೂರಕವಾಗಿಸಿಕೊಳ್ಳಬೇಕೆಂಬುದೇ ನಮ್ಮ ಬಿನ್ನಹ.