ಮಾರಾಟದ ಕುರಿಗೆ ಯಾವ ಕ್ಯಾಮೆರಾ?

ಮಾರುವವನ ಬಾಯಿಮಾತಿಗಿಂತ ಕೊಳ್ಳುವವನ ಕಣ್ಣೇ ಮೇಲು ಎಂಬುದು ಸಂತೆಯ ಹಳೆಯ ನ್ಯಾಯ. ಕುರಿಯನ್ನು ಕೊಳ್ಳಬಂದವನು ಅದರ ಬೆನ್ನಿನ ಮೇಲೆ ಕೈಯಾಡಿಸುತ್ತಾನೆ. ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಬೆಲೆಯ ಮಾತು ಆಮೇಲೆ. ಬಕ್ರೀದ್ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಈದ್ಗಾ ಮೈದಾನದ ಬಳಿ ನಡೆಯುವ ಕುರಿ ವ್ಯಾಪಾರದಲ್ಲಿ ಈ ಪರೀಕ್ಷೆಯನ್ನು ಯಾರು ಬೇಕಾದರೂ ನೋಡಬಹುದು. ಆದರೆ ಇಂದು ವ್ಯಾಪಾರದ ಒಂದು ಪಾಲು ಕುರಿಯು ನಗರಕ್ಕೆ ಬರುವ ಮೊದಲೇ ಮುಗಿದುಹೋಗುವುದುಂಟು. ಹಳ್ಳಿಯ ಸಾಕಣೆದಾರನು ಕುರಿಯ ಚಿತ್ರವನ್ನು ಮೊಬೈಲ್ ಫೋನಿನಲ್ಲಿ ಕಳುಹಿಸುತ್ತಾನೆ. ನಗರದ ಗಿರಾಕಿಯು ಅದನ್ನು ನೋಡಿ ಮುಂಗಡ ಕೊಡುತ್ತಾನೆ. ಹೀಗೆ ಕೈ ಮಾಡುತ್ತಿದ್ದ ಪರೀಕ್ಷೆಯ ಭಾರವೆಲ್ಲ ಒಂದು ಛಾಯಾಚಿತ್ರದ ಮೇಲೆ ಬಿದ್ದಿದೆ.

ಇಂಥ ಚಿತ್ರ ತೆಗೆಯುವ ಕೆಲಸ ಬಂದಾಗ ಮನೆಯಲ್ಲಿ ಓದುತ್ತಿರುವ ಹುಡುಗನನ್ನೋ ಹುಡುಗಿಯನ್ನೋ ಕರೆಯುವುದು ವಾಡಿಕೆ. ಆಗ ಏಳುವ ಮೊದಲ ಪ್ರಶ್ನೆ: ಯಾವ ಕ್ಯಾಮೆರಾ ಕೊಳ್ಳಬೇಕು, ಅದರಲ್ಲಿ ಎಷ್ಟು ಮೆಗಾಪಿಕ್ಸೆಲ್ ಇರಬೇಕು? ಪ್ರಶ್ನೆ ಸಹಜವಾದರೂ ಅದು ತೊಡಗುವ ಜಾಗ ಸರಿಯಲ್ಲ. ‘ಪ್ರಾಣಿಯಿಂದ ಎಷ್ಟು ದೂರ ನಿಂತು ಚಿತ್ರ ತೆಗೆಯಲು ಈ ಕ್ಯಾಮೆರಾ ಅವಕಾಶ ಕೊಡುತ್ತದೆ?’ ಎಂದು ಮೊದಲು ಕೇಳಬೇಕು. ಇದಕ್ಕೆ ಕಾರಣವನ್ನು ಪ್ರೌಢಶಾಲೆಯ ಬೆಳಕಿನ ಪಾಠದಿಂದಲೇ ತಿಳಿಯಬಹುದು.

ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (೧೯೩೨–೨೦೧೭) ಅವರಂಥ ವನ್ಯಜೀವಿ ಛಾಯಾಗ್ರಾಹಕರ ಚಿತ್ರದಲ್ಲಿ ನಾವು ಪ್ರಾಣಿಯ ಬಾಳನ್ನೂ ಚೆಲುವನ್ನೂ ಅರಸುತ್ತೇವೆ. ಮಾರಾಟದ ಚಿತ್ರದ ಧರ್ಮ ಬೇರೆ. ಅದು ಅಳತೆಗೋಲಿನಂತೆ ನಡೆದುಕೊಳ್ಳಬೇಕು. ಕಾಲಿನ ಉದ್ದ, ಮೈಯ ತುಂಬು, ಉಣ್ಣೆಯ ಬಣ್ಣ, ಕಣ್ಣಿನ ಕಳೆ, ಇವು ಇದ್ದಂತೆಯೇ ಕಾಣಬೇಕು.

ಗಿಡ್ಡ ಕಾಲಿನ ಲೆಕ್ಕ

ಬನ್ನೂರು ಕುರಿಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಮಂಡ್ಯ ತಳಿಯೆಂದೂ, ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದಿಂದಾಗಿ ಬಂಡೂರು ತಳಿಯೆಂದೂ ಅದಕ್ಕೆ ಹೆಸರುಂಟು. ಮಾಂಸದ ರುಚಿಗೆ ಹೆಸರಾದ್ದರಿಂದ ಅದರ ಬೆಲೆ ಹೆಚ್ಚು. ಅದರ ಗುರುತುಗಳು ಇವು: ಬಿಳಿಯ ಮೈ, ಕೆಲವುಗಳಲ್ಲಿ ತಿಳಿಗಂದು ಮುಖ, ಜೋಲುವ ಕಿವಿ, ಕೊಂಬಿಲ್ಲದ ತಲೆ, ಗಿಡ್ಡ ಕಾಲು. ಹಿಂದಿನಿಂದ ನೋಡಿದರೆ ತೊಡೆಗಳೆರಡೂ ಸೇರಿ ತಲೆಕೆಳಗಾದ ಲಾಳದ ಆಕಾರ ಕಾಣಬರುತ್ತದೆ.

ಈಗ ಒಬ್ಬನು ಈ ತಳಿಯದಲ್ಲದ ಕುರಿಯೊಂದರ ಪಕ್ಕದಲ್ಲಿ, ಒಂದು ಮೀಟರ್ ಅಂತರದಲ್ಲಿ ನಿಂತು, ಫೋನನ್ನು ಎದೆಯ ಮಟ್ಟದಲ್ಲಿ, ಎಂದರೆ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದು ಚಿತ್ರ ತೆಗೆದನೆನ್ನೋಣ. ಕುರಿಯ ಬೆನ್ನು ನೆಲದಿಂದ ೬೫ ಸೆಂಟಿಮೀಟರ್ ಎತ್ತರದಲ್ಲಿದ್ದರೆ ಕ್ಯಾಮೆರಾದಿಂದ ಬೆನ್ನಿಗೆ ಸುಮಾರು ೧.೩ ಮೀಟರ್ ದೂರ. ಗೊರಸಿಗೆ ಸುಮಾರು ೧.೮ ಮೀಟರ್. ಬಿಂಬದ ಅಳತೆಯು ದೂರಕ್ಕೆ ವಿಲೋಮವಾಗಿರುತ್ತದೆಂಬುದನ್ನು ನೀವು ಬಲ್ಲಿರಿ. ಆದಕಾರಣ ಬೆನ್ನು ದೊಡ್ಡದಾಗಿಯೂ ಕಾಲಿನ ಕೆಳಭಾಗವು ಅದರ ಮುಕ್ಕಾಲು ಪ್ರಮಾಣಕ್ಕೂ ಕಡಿಮೆಯಾಗಿಯೂ ಮೂಡುತ್ತವೆ. ಸಾಲದ್ದಕ್ಕೆ, ಮೇಲಿನಿಂದ ಓರೆಯಾಗಿ ನೋಡಿದಾಗ ನೆಟ್ಟಗಿರುವ ಕಾಲು ಇನ್ನಷ್ಟು ಮೊಟಕಾಗುತ್ತದೆ. ಹೀಗೆ ಯಾವ ಕುರಿಯೂ ಚಿತ್ರದಲ್ಲಿ ಗಿಡ್ಡ ಕಾಲಿನದಾಗಿ ತೋರಬಹುದು! ಚಿತ್ರ ತೆಗೆದವನ ಮನಸ್ಸಿನಲ್ಲಿ ವಂಚನೆಯಿರಬೇಕಾಗಿಲ್ಲ. ಅವನು ನಿಂತ ಜಾಗವೇ ಸುಳ್ಳು ಹೇಳಿರುತ್ತದೆ.

ಅದೇ ಕುರಿಯನ್ನು ನಾಲ್ಕು ಮೀಟರ್ ದೂರದಿಂದ, ಕ್ಯಾಮೆರಾವನ್ನು ಅದರ ಹೊಟ್ಟೆಯ ಮಟ್ಟಕ್ಕೆ ಇಳಿಸಿ ತೆಗೆದರೆ ಬೆನ್ನಿಗೂ ಗೊರಸಿಗೂ ಇರುವ ದೂರದ ಅಂತರ ಒಂದೆರಡು ಸೆಂಟಿಮೀಟರುಗಳನ್ನು ಮೀರದು. ಕಾಲು ತನ್ನ ನಿಜವಾದ ಉದ್ದವನ್ನು ತೋರಿಸುತ್ತದೆ.

ಎದುರಿನಿಂದ ತೆಗೆದ ಚಿತ್ರದ ಪಾಡೂ ಇದೇ. ಮೂತಿಯಿಂದ ಬಾಲದವರೆಗೆ ಕುರಿಯು ಒಂದು ಮೀಟರ್ ಉದ್ದವಿದೆ ಎಂದಿಟ್ಟುಕೊಳ್ಳಿ. ಮೂತಿಯಿಂದ ೭೫ ಸೆಂಟಿಮೀಟರ್ ದೂರದಲ್ಲಿ ಕ್ಯಾಮೆರಾ ಇದ್ದರೆ ಬಾಲಕ್ಕೆ ೧೭೫ ಸೆಂಟಿಮೀಟರ್. ಮುಖವು ಹಿಂಭಾಗಕ್ಕಿಂತ ೨.೩ ಪಟ್ಟು ಹಿಗ್ಗಿದ ಪ್ರಮಾಣದಲ್ಲಿ ಮೂಡುವುದು. ನಾಲ್ಕು ಮೀಟರ್ ಹಿಂದೆ ಸರಿದರೆ ಈ ಪ್ರಮಾಣ ೧.೨೫ಕ್ಕೆ ಇಳಿಯುತ್ತದೆ.

ಎತ್ತುಗಳಲ್ಲಿ ಮೋಸದ ದಿಕ್ಕು ತಿರುಗುಮುರುಗಾಗುತ್ತದೆ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತಿನ ನಿಲುವಿಗೆ ಬೆಲೆ. ಹತ್ತಿರದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕ್ಯಾಮೆರಾವನ್ನು ನೆಲಕ್ಕೆ ತಾಗುವಂತೆ ಹಿಡಿದು, ಮೇಲ್ಮುಖವಾಗಿ ತೆಗೆದರೆ ಸಾಧಾರಣ ಎತ್ತೂ ಗೋಪುರದಂತೆ ಕಾಣುವುದು. ಇದನ್ನು ಅರಿಯಲು ಕ್ಯಾಮೆರಾವೇ ಬೇಕಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಎತ್ತರ ಸುಮಾರು ೪.೬ ಮೀಟರ್ ಎನ್ನುತ್ತಾರೆ. ಅದನ್ನು ಮೊದಲು ಬುಡದಲ್ಲಿ ನಿಂತು ನೋಡಿ; ಬಳಿಕ ಬಾಗಿಲಿನಾಚೆಗೆ ಸರಿದು ನೋಡಿ. ಹತ್ತಿರದಲ್ಲಿ ಮೊಣಕಾಲೂ ಎದೆಯೂ ಕಣ್ಣನ್ನು ತುಂಬುತ್ತವೆ. ದೂರದಿಂದ ಮುಖ, ಕೊಂಬು, ಎದೆಗಳು ತಮ್ಮ ತಮ್ಮ ಪ್ರಮಾಣಕ್ಕೆ ಬರುತ್ತವೆ. ಕಲ್ಲು ಬದಲಾಗಲಿಲ್ಲ, ನೋಡುವ ದೂರ ಬದಲಾಯಿತು.

ದೂರಕ್ಕೆ ತಕ್ಕ ಮಸೂರ

ಅಗಲ ನೋಟದ ಮಸೂರವು ಆಕಾರವನ್ನು ಕೆಡಿಸುತ್ತದೆ ಎಂಬ ಮಾತು ಬಳಕೆಯಲ್ಲಿದೆ. ವಾಸ್ತವವಾಗಿ ಇಲ್ಲಿ ಹೇಳಿದ ದೋಷವು ಮಸೂರದ್ದಲ್ಲ. ಅಂಥ ಮಸೂರದಲ್ಲಿ ಪ್ರಾಣಿಯು ಚಿಕ್ಕದಾಗಿ ಕಾಣುವುದರಿಂದ ನಾವು ಅರಿಯದೆಯೇ ಅದರ ಹತ್ತಿರಕ್ಕೆ ಹೋಗುತ್ತೇವೆ. ದೋಷ ಹುಟ್ಟುವುದು ಆಗ.

ಹಳೆಯ ೩೫ ಮಿಲಿಮೀಟರ್ ಫಿಲ್ಮಿನ ಚೌಕಟ್ಟಿನ ಅಗಲ ೩೬ ಮಿಲಿಮೀಟರ್. ಇಂದಿಗೂ ಮಸೂರಗಳ ಸಂಗಮದೂರವನ್ನು ಈ ಅಳತೆಗೆ ಸರಿಹೊಂದಿಸಿ ಹೇಳುವ ರೂಢಿಯಿದೆ. ಒಂದು ಮೀಟರ್ ಉದ್ದದ ಕುರಿಗೆ ಇಕ್ಕೆಲಗಳಲ್ಲೂ ಸ್ವಲ್ಪ ಜಾಗ ಬಿಟ್ಟು, ಚಿತ್ರದಲ್ಲಿ ಒಂದೂವರೆ ಮೀಟರ್ ಅಗಲ ಹಿಡಿಯಬೇಕೆನ್ನಿ. ಸಂಗಮದೂರ ೨೪ ಮಿಲಿಮೀಟರ್ ಆದರೆ ಒಂದು ಮೀಟರ್ ದೂರದಲ್ಲಿ ನಿಲ್ಲಬೇಕು. ೫೦ ಆದರೆ ಸುಮಾರು ಎರಡು ಮೀಟರ್. ೧೦೦ ಆದರೆ ನಾಲ್ಕು ಮೀಟರಿಗೆ ತುಸು ಹೆಚ್ಚು. ಮೊಬೈಲ್ ಫೋನುಗಳ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ ೨೪ರಿಂದ ೨೬ ಮಿಲಿಮೀಟರಿಗೆ ಸಮ. ಅದು ನಮ್ಮನ್ನು ಕುರಿಯ ಮೂತಿಯ ಬಳಿಗೆ ಎಳೆಯುವುದು ಏಕೆಂಬುದು ಈ ಲೆಕ್ಕದಿಂದ ಸ್ಪಷ್ಟ.

ಹಾಗೆಂದು ಫೋನನ್ನು ಬದಿಗಿಡಬೇಕಾಗಿಲ್ಲ. ೧೨ ಮೆಗಾಪಿಕ್ಸೆಲ್ ಚಿತ್ರದ ಅಗಲದಲ್ಲಿ ೪೦೦೦ ಬಿಂದುಗಳಿರುತ್ತವೆ. ೨೪ ಮಿಲಿಮೀಟರ್ ಮಸೂರದಿಂದಲೇ ಮೂರು ಮೀಟರ್ ಹಿಂದೆ ನಿಂತು ತೆಗೆದರೆ ಚೌಕಟ್ಟಿನ ಅಗಲ ನಾಲ್ಕೂವರೆ ಮೀಟರ್ ಆಗುತ್ತದೆ. ಕುರಿಯ ಪಾಲಿಗೆ ಸುಮಾರು ೮೯೦ ಬಿಂದುಗಳು ಬರುತ್ತವೆ. ಸುತ್ತಲಿನದನ್ನು ಕತ್ತರಿಸಿ ತೆಗೆದರೆ ಫೋನಿನ ತೆರೆಯಲ್ಲಿ ನೋಡುವವನಿಗೆ ಇಷ್ಟು ಧಾರಾಳ. ಐವತ್ತೋ ಎಪ್ಪತ್ತೈದೋ ಮಿಲಿಮೀಟರಿಗೆ ಸಮನಾದ ಎರಡನೆಯ ಮಸೂರವಿರುವ ಫೋನಾದರೆ ಇನ್ನೂ ಉತ್ತಮ.

ಪ್ರತ್ಯೇಕ ಕ್ಯಾಮೆರಾ ಕೊಳ್ಳುವ ಶಕ್ತಿಯಿದ್ದರೆ, ಮಸೂರ ಬದಲಿಸಬಹುದಾದ, ಬಳಸಿದ ಹಳೆಯ ಕ್ಯಾಮೆರಾವೇ ಸಾಕು. ಇವುಗಳ ಜೊತೆಯಲ್ಲಿ ಬರುವ ೧೮–೫೫ ಮಿಲಿಮೀಟರ್ ಮಸೂರವು ಅವುಗಳ ಚಿಕ್ಕ ಸಂವೇದಕದ ಮೇಲೆ ಸುಮಾರು ೨೭–೮೩ಕ್ಕೆ ಸಮವಾಗುತ್ತದೆ. ಉದ್ದದ ತುದಿಯಲ್ಲಿಟ್ಟರೆ ಕುರಿಯಿಂದ ಮೂರೂವರೆ ಮೀಟರ್, ಎರಡು ಮೀಟರ್ ಉದ್ದದ ಎತ್ತಿನಿಂದ ಏಳು ಮೀಟರ್ ದೂರ ನಿಲ್ಲಬಹುದು. ಹತ್ತು ಮೆಗಾಪಿಕ್ಸೆಲ್ ಇದ್ದರೂ ಕೊರತೆಯಾಗದು. ಹಕ್ಕಿಗಳಿಗೆ ಬೇಕಾದ ಉದ್ದನೆಯ ದುಬಾರಿ ಮಸೂರಕ್ಕೆ ಹಣ ಸುರಿಯುವುದು ಇಲ್ಲಿ ವ್ಯರ್ಥ.

ಚಲನೆಯೂ ಬೆಳಕೂ

ಕುರಿಯು ನಿಂತಿದ್ದರೂ ಅದರ ತಲೆ ನಿಲ್ಲದು. ತಲೆಯು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ತಿರುಗಿತೆಂದರೆ, ಕ್ಯಾಮೆರಾದ ಕವಾಟವು ೧/೬೦ ಸೆಕೆಂಡು ತೆರೆದಿರುವಷ್ಟರಲ್ಲಿ ಅದು ಎಂಟು ಮಿಲಿಮೀಟರ್ ಸರಿಯುತ್ತದೆ. ಮೇಲೆ ಹೇಳಿದ ಒಂದೂವರೆ ಮೀಟರ್ ಚೌಕಟ್ಟಿನ ೪೦೦೦ ಬಿಂದುಗಳಲ್ಲಿ ಇದು ೨೨ ಬಿಂದುಗಳಷ್ಟು ಕಲಸಿದ ಗೆರೆ. ೧/೫೦೦ ಸೆಕೆಂಡಿಗೆ ಇಳಿಸಿದರೆ ಕಲಕು ಮೂರು ಬಿಂದುಗಳೊಳಗೆ ಅಡಗುವುದು. ಆದುದರಿಂದ ಕವಾಟದ ವೇಗವನ್ನು ನಾವೇ ಗೊತ್ತುಮಾಡಬಲ್ಲ ಕ್ಯಾಮೆರಾವನ್ನು ಆರಿಸಬೇಕು. ತೆರೆದ ಆಕಾಶದ ಕೆಳಗಿನ ನೆರಳಿನಲ್ಲಿ, ಎಫ್ ೫.೬ ರಂಧ್ರಕ್ಕೆ ಐ.ಎಸ್.ಓ. ೪೦೦ ಇಟ್ಟರೆ ೧/೫೦೦ ಸೆಕೆಂಡು ದೊರೆಯುತ್ತದೆ. ಸಾಧಾರಣ ಮಸೂರಕ್ಕೂ ಇದು ಎಟುಕುವ ಮಾತು.

ನಡುಹಗಲನ್ನು ಬಿಡುವುದು ಲೇಸು. ಬೆಂಗಳೂರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಬೆನ್ನು ಹೊಳೆಯುತ್ತದೆ. ಹೊಟ್ಟೆಯೂ ಕಾಲೂ ಕತ್ತಲಲ್ಲಿ ಮುಳುಗುತ್ತವೆ. ಬೆಳಗಿನ ಓರೆ ಬಿಸಿಲು ಅಥವಾ ಮರದ ತಿಳಿನೆರಳು ಮೈಯ ಉಬ್ಬುತಗ್ಗುಗಳನ್ನು ನಿಜವಾಗಿ ತೋರಿಸುತ್ತದೆ. ನೀಲಿ ಟಾರ್ಪಾಲಿನ ಅಡಿಯಲ್ಲಂತೂ ತೆಗೆಯಲೇಬಾರದು. ಬಿಳಿಯ ಉಣ್ಣೆ ನೀಲಿಯಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ಕುರಿಯೂ ತಿಳಿಯದು, ಮೇಕೆಯೂ ತಿಳಿಯದು. ಕಂಡ ದೃಶ್ಯವೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದೆಂದು ಅದು ಎಣಿಸುತ್ತದೆ. ಬಿಳಿಯ ಕುರಿ ಚೌಕಟ್ಟನ್ನು ತುಂಬಿದರೆ ಬೆಳಕನ್ನು ತಗ್ಗಿಸಿ ಅದನ್ನು ಮಾಸಲಾಗಿಸುತ್ತದೆ. ಕರಿಯ ಮೇಕೆ ತುಂಬಿದರೆ ಬೆಳಕನ್ನು ಏರಿಸಿ ಅದನ್ನು ಬೂದಿ ಬಣ್ಣಕ್ಕೆ ತರುತ್ತದೆ. ಬಿಳಿಗೆ ಒಂದು ಹಂತ ಕೂಡಿಸುವ, ಕಪ್ಪಿಗೆ ಒಂದು ಹಂತ ಕಳೆಯುವ ಅನುಕೂಲ ಕ್ಯಾಮೆರಾದಲ್ಲಿರಬೇಕು. ಫೋನುಗಳಲ್ಲಿಯೂ ಬೆಳಕನ್ನು ಹೀಗೆ ಏರಿಳಿಸುವ ಗುರುತು ಇರುತ್ತದೆ, ಹುಡುಕಿ ಬಳಸಬೇಕು. ಮುಖವನ್ನು ನಯಗೊಳಿಸುವ ಸೌಂದರ್ಯದ ಕರಾಮತ್ತುಗಳನ್ನು ಆರಿಸಿಬಿಡಬೇಕು.

ಹತ್ತಿರ ಹೋಗಬೇಕಾದ ಕಡೆ

ದೂರ ನಿಲ್ಲಬೇಕೆಂಬ ನಿಯಮ ಮೈಯ ಆಕಾರಕ್ಕೆ. ಹಲ್ಲು, ಕಣ್ಣುಗಳಿಗೆ ಹತ್ತಿರವೇ ಹೋಗಬೇಕು. ಇಲ್ಲಿ ಫೋನು ತನ್ನ ಯೋಗ್ಯತೆಯನ್ನು ಮೆರೆಯುತ್ತದೆ. ಹಾಲುಹಲ್ಲು ಬಿದ್ದು ಎರಡು, ನಾಲ್ಕು ಎಂದು ದೊಡ್ಡ ಹಲ್ಲುಗಳು ಬರುವ ಕ್ರಮದಿಂದ ಕುರಿಯ ವಯಸ್ಸನ್ನು ಅಂದಾಜು ಮಾಡುತ್ತಾರೆ. ಕಣ್ಣಿನ ಕೆಳರೆಪ್ಪೆಯ ಒಳಮೈ ಕೆಂಪಾಗಿರದೆ ಬಿಳಚಿಕೊಂಡಿದ್ದರೆ ರಕ್ತಹೀನತೆಯ ಶಂಕೆ. ಹೊಟ್ಟೆಯ ಜಂತುಗಳು ಇದಕ್ಕೆ ಸಾಮಾನ್ಯ ಕಾರಣ. ಬಣ್ಣ ನಿಜವೆಂದು ತಿಳಿಯಲು ಪಕ್ಕದಲ್ಲಿ ಒಂದು ಬಿಳಿಯ ಕಾಗದ ಹಿಡಿದರಾಯಿತು.

ಆದರೆ ಫ್ಲಾಷ್ ದೀಪ ಬೇಡ. ಕುರಿ, ಮೇಕೆ, ದನಗಳ ಅಕ್ಷಿಪಟಲದ ಹಿಂದೆ ಹೊಳೆಯುವ ಒಂದು ಪದರವುಂಟು. ಇರುಳಿನ ಮಂದ ಬೆಳಕನ್ನು ಅದು ಮತ್ತೊಮ್ಮೆ ಪಟಲಕ್ಕೆ ತಿರುಗಿಸಿ ನೋಟಕ್ಕೆ ನೆರವಾಗುತ್ತದೆ. ಮಸೂರದ ಪಕ್ಕದಲ್ಲೇ ಇರುವ ದೀಪ ಬೆಳಗಿದಾಗ ಆ ಪದರದಿಂದ ಹಿಮ್ಮರಳಿದ ಬೆಳಕು ನೇರವಾಗಿ ಕ್ಯಾಮೆರಾವನ್ನು ಹೊಗುತ್ತದೆ. ಕಣ್ಣು ಹಸಿರೋ ಹಳದಿಯೋ ಆಗಿ ಉರಿಯುತ್ತದೆ. ಕಣ್ಣಿನ ಪೊರೆಯಾಗಲಿ ಗಾಯವಾಗಲಿ ಆ ಉರಿಯಲ್ಲಿ ಮರೆಯಾಗುವುದು. ಪ್ರಾಣಿಗೂ ಬೆದರಿಕೆ.

ಇಷ್ಟನ್ನು ನೆನಪಿನಲ್ಲಿಟ್ಟು ಒಂದು ಪ್ರಾಣಿಗೆ ಐದು ಚಿತ್ರ ತೆಗೆದರೆ ಸಾಕು: ಎಡಮಗ್ಗುಲು, ಬಲಮಗ್ಗುಲು, ಹಿಂಭಾಗ, ಹಲ್ಲು, ಕಣ್ಣು. ಮೊದಲ ಮೂರನ್ನು ಪ್ರಾಣಿಯ ಹೊಟ್ಟೆಯ ಮಟ್ಟದಲ್ಲಿ, ಸಮನೆಲದ ಮೇಲೆ, ಕುರಿಯಾದರೆ ಮೂರು ಮೀಟರಿಗೆ ಕಡಿಮೆಯಿಲ್ಲದ ದೂರದಿಂದ ತೆಗೆಯಬೇಕು. ಒಂದು ಮೀಟರ್ ಕೋಲನ್ನು ಪ್ರಾಣಿಯ ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ, ಅದರ ಸಾಲಿನಲ್ಲಿಯೇ ನಿಲ್ಲಿಸಬೇಕು. ಆಗ ಕೋಲಿಗೂ ಪ್ರಾಣಿಗೂ ಒಂದೇ ದೂರ, ಒಂದೇ ಪ್ರಮಾಣ. ಮೈದಾನದ ನೂಕುನುಗ್ಗಲಿನಲ್ಲಿ ಮೂರು ಮೀಟರ್ ತೆರವು ಸಿಗುವುದು ಕಷ್ಟ. ಕುರಿಯು ಊರಿನ ಅಂಗಳದಲ್ಲಿರುವಾಗಲೇ ಈ ಕೆಲಸ ಮುಗಿಸುವುದು ಜಾಣತನ.

ಚಿತ್ರ ಹೇಳಿದ್ದೊಂದು, ಬಂದ ಕುರಿ ಇನ್ನೊಂದು ಆದರೆ ನಷ್ಟ ಒಬ್ಬರದಲ್ಲ. ಗಿರಾಕಿಗೆ ಮುಂಗಡದ ಚಿಂತೆ. ವರ್ಷವಿಡೀ ಮೇಯಿಸಿದವನಿಗೆ ಮಾತು ಕೆಟ್ಟ ಅಪವಾದ. ಆ ಮೂಕಪ್ರಾಣಿಗೆ ಸರಕು ಗಾಡಿಯಲ್ಲಿ ಬಂದಷ್ಟೇ ದೂರದ ಮರುಪಯಣ. ಇವೆಲ್ಲವನ್ನೂ ತಪ್ಪಿಸಬಲ್ಲ ಉಪಾಯವು ಬಹುಮಟ್ಟಿಗೆ ಕ್ಯಾಮೆರಾದ ಬೆಲೆಯಲ್ಲಿಲ್ಲ. ಹೊಸದನ್ನು ಕೊಳ್ಳುವ ಮುನ್ನ, ಕೈಯಲ್ಲಿರುವುದನ್ನು ಹಿಡಿದು ನಾಲ್ಕು ಹೆಜ್ಜೆ ಹಿಂದೆ ಸರಿದು, ಮೊಣಕಾಲೂರಿ ಒಂದು ಚಿತ್ರ ತೆಗೆದು ನೋಡಿ. ಅದರಲ್ಲಿ ಕೊರತೆ ಕಂಡರೆ ಮಾತ್ರ ಅಂಗಡಿಯ ದಾರಿ ಹಿಡಿಯಬಹುದು.